ವಾಲ್ಟ್ ಡಿಸ್ನಿ: ಕುಂಚ ಕೆಳಗಿಟ್ಟು ಪಾಠಶಾಲೆ ತೆರೆದ ಕಲಾವಿದ

ಮಿಕ್ಕಿ ಮೌಸ್ ಎಂದೊಡನೆ ಜಗತ್ತಿಗೆ ನೆನಪಾಗುವ ಹೆಸರು ವಾಲ್ಟ್ ಡಿಸ್ನಿ. ಆದರೆ 1928ರಲ್ಲಿ ಆ ಇಲಿಯನ್ನು ಹಾಳೆಯ ಮೇಲೆ ನಡೆಸಿ, ಕುಣಿಸಿದ ಕೈ ಡಿಸ್ನಿಯವರದಲ್ಲ. ಅವರ ಗೆಳೆಯ ಅಬ್ ಐವರ್ಕ್ಸ್ ಅವರದು. ಅದಕ್ಕೂ ಕೆಲವು ವರ್ಷ ಮೊದಲೇ ಡಿಸ್ನಿ ತಮ್ಮ ಚಿತ್ರಗಳಿಗೆ ಸ್ವತಃ ಗೆರೆ ಎಳೆಯುವುದನ್ನು ನಿಲ್ಲಿಸಿದ್ದರು. ತಮಗಿಂತ ಚೆನ್ನಾಗಿ ಬಿಡಿಸಬಲ್ಲವರು ತಮ್ಮ ಪಕ್ಕದಲ್ಲೇ ಇದ್ದಾರೆಂಬುದು ಅವರಿಗೆ ಮನವರಿಕೆಯಾಗಿತ್ತು. ತಮ್ಮ ಮಿತಿಯನ್ನು ಅರಿತ ಈ ವ್ಯಕ್ತಿ ಮುಂದೆ ಪಾತ್ರಗಳಿಗೆ ಜೀವ ತುಂಬುವ ವಿದ್ಯೆಯನ್ನು ಕಲಿಯಬಹುದಾದ, ಕಲಿಸಬಹುದಾದ ಶಾಸ್ತ್ರವನ್ನಾಗಿ ರೂಪಿಸಿದರು.

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಶಿಕಾಗೊ ನಗರದಲ್ಲಿ. ಬಾಲ್ಯದ ಕೆಲವು ವರ್ಷಗಳು ಮಿಸೌರಿ ರಾಜ್ಯದ ಮಾರ್ಸಲೀನ್ ಎಂಬ ಪುಟ್ಟ ಊರಿನ ಹೊಲಮನೆಯಲ್ಲಿ ಕಳೆದವು. 1911ರಲ್ಲಿ ಕುಟುಂಬ ಕನ್ಸಾಸ್ ಸಿಟಿಗೆ ಬಂದಾಗ ತಂದೆ ಇಲಿಯಾಸ್ ದಿನಪತ್ರಿಕೆ ಹಂಚುವ ಕೆಲಸ ಹಿಡಿದರು. ಬಾಲಕ ವಾಲ್ಟ್ ನಸುಕಿನಲ್ಲೆದ್ದು, ಹಿಮ ಬಿದ್ದ ಬೀದಿಗಳಲ್ಲಿ ಮನೆಮನೆಗೆ ಪತ್ರಿಕೆ ಹಾಕಿ ನಂತರ ಶಾಲೆಗೆ ಹೋಗಬೇಕಿತ್ತು. ಸಂಜೆ ಮತ್ತೆ ಅದೇ ಕೆಲಸ. ಈ ದುಡಿಮೆಯ ನಡುವೆಯೂ ಶನಿವಾರಗಳಂದು ಚಿತ್ರಕಲಾ ತರಗತಿಗೆ ಹೋಗುವುದನ್ನು ಆತ ಬಿಡಲಿಲ್ಲ. ಮುಂದೆ ಶಿಕಾಗೊದಲ್ಲಿ ಹಗಲು ಪ್ರೌಢಶಾಲೆ, ರಾತ್ರಿ ಕಲಾಶಾಲೆ. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ರೆಡ್ ಕ್ರಾಸ್‌ನ ಆಂಬುಲೆನ್ಸ್ ಚಾಲಕನಾಗಿ ಫ್ರಾನ್ಸ್‌ಗೆ ಹೋಗಿಬಂದರು. ಕ್ರಮಬದ್ಧ ಶಿಕ್ಷಣ ಅಲ್ಲಿಗೇ ನಿಂತಿತು.

1920ರಲ್ಲಿ ಕನ್ಸಾಸ್ ಸಿಟಿಯ ಜಾಹೀರಾತು ಕಂಪನಿಯೊಂದಕ್ಕೆ ಸೇರಿದಾಗ ಕಾಗದದಲ್ಲಿ ಕತ್ತರಿಸಿದ ಗೊಂಬೆಗಳನ್ನು ಕ್ಯಾಮೆರಾದ ಮುಂದೆ ಸರಿಸಿ ಚಿತ್ರ ತೆಗೆಯುವ ಕೆಲಸ ಸಿಕ್ಕಿತು. ಚಿತ್ರಗಳನ್ನು ಚಲಿಸುವಂತೆ ಮಾಡುವ ವಿದ್ಯೆಯನ್ನು ಕಲಿಸುವ ಶಾಲೆ ಆಗ ಅಲ್ಲಿರಲಿಲ್ಲ. ವಾಲ್ಟ್ ಸಾರ್ವಜನಿಕ ಗ್ರಂಥಾಲಯದ ಮೊರೆ ಹೋದರು. ಇ.ಜಿ. ಲಟ್ಸ್ ಅವರು ಅದೇ ವರ್ಷ ಪ್ರಕಟಿಸಿದ್ದ ಅನಿಮೇಷನ್ ಕೈಪಿಡಿಯೂ, ಮನುಷ್ಯ ಹಾಗೂ ಪ್ರಾಣಿಗಳ ಚಲನೆಯನ್ನು ಹಂತಹಂತವಾಗಿ ಸೆರೆಹಿಡಿದ ಮೈಬ್ರಿಜ್ ಅವರ ಛಾಯಾಚಿತ್ರಗಳೂ ಅವರ ಮೊದಲ ಗುರುಗಳಾದವು. ಕಂಪನಿಯಿಂದ ಎರವಲು ತಂದ ಕ್ಯಾಮೆರಾದಲ್ಲಿ ರಾತ್ರಿಯೆಲ್ಲ ಪ್ರಯೋಗ ನಡೆಯಿತು. 1922ರಲ್ಲಿ ಕಟ್ಟಿದ ಲಾಫ್-ಒ-ಗ್ರಾಮ್ ಸಂಸ್ಥೆ ಮರುವರ್ಷವೇ ದಿವಾಳಿಯಾಯಿತು. ಅದೇ 1923ರಲ್ಲಿ ಹಾಲಿವುಡ್‌ಗೆ ತೆರಳಿ, ಅಣ್ಣ ರಾಯ್ ಜೊತೆ ಹೊಸ ಸ್ಟುಡಿಯೊ ತೆರೆದರು.

1928ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಬಿಡುಗಡೆಯಾದ, ಧ್ವನಿ ಜೋಡಿಸಿದ 'ಸ್ಟೀಮ್‌ಬೋಟ್ ವಿಲ್ಲಿ' ಮಿಕ್ಕಿಯನ್ನು ಮನೆಮಾತಾಗಿಸಿತು. ಆದರೆ ಗೆಲುವಿನ ನಡುವೆಯೂ ಡಿಸ್ನಿಗೆ ಒಂದು ಕೊರತೆ ಕಾಣುತ್ತಿತ್ತು. ತಮ್ಮ ಪಾತ್ರಗಳು ಓಡುತ್ತವೆ, ಬೀಳುತ್ತವೆ, ನಗಿಸುತ್ತವೆ. ಆದರೆ ಅವುಗಳಿಗೆ ಮೈಭಾರವಿಲ್ಲ, ಮನಸ್ಸಿಲ್ಲ. ಹೀಗಾಗಿ ತಮ್ಮ ಕಲಾವಿದರನ್ನು ಲಾಸ್ ಏಂಜಲೀಸ್‌ನ ಶೂನಾರ್ಡ್ ಕಲಾಶಾಲೆಗೆ ಸಂಜೆ ಪಾಠಕ್ಕೆ ಕಳುಹಿಸತೊಡಗಿದರು. ಹಲವರ ಬಳಿ ವಾಹನವಿರಲಿಲ್ಲ. ಮಾಲೀಕರೇ ತಮ್ಮ ಕಾರಿನಲ್ಲಿ ಅವರನ್ನು ಕರೆದೊಯ್ಯುತ್ತಿದ್ದರು. 1932ರಲ್ಲಿ ಆರ್ಟ್ ಬ್ಯಾಬಿಟ್ ಎಂಬ ಅನಿಮೇಟರ್ ತಮ್ಮ ಮನೆಯಲ್ಲೇ ಸಹೋದ್ಯೋಗಿಗಳನ್ನು ಸೇರಿಸಿ ಮಾನವ ದೇಹವನ್ನು ನೋಡಿ ಚಿತ್ರಿಸುವ ಅಭ್ಯಾಸ ಆರಂಭಿಸಿದಾಗ, ಡಿಸ್ನಿ ಅದನ್ನು ಸ್ಟುಡಿಯೊದೊಳಗೇ ತಂದರು. ಶೂನಾರ್ಡ್‌ನ ಅಧ್ಯಾಪಕ ಡಾನ್ ಗ್ರಹಾಂ ಅವರ ಮೊದಲ ತರಗತಿ ಆ ವರ್ಷದ ನವೆಂಬರ್ 15ರಂದು ನಡೆಯಿತು.

ಇಂದಿನ ಅನಿಮೇಷನ್ ವಿದ್ಯಾರ್ಥಿಗಳು ಮೊದಲ ಪಾಠವಾಗಿ ಕಲಿಯುವ ಸೂತ್ರಗಳು ರೂಪುಗೊಂಡಿದ್ದು ಈ ಅವಧಿಯಲ್ಲಿ. ನೆಲಕ್ಕೆ ಬಡಿದ ಚೆಂಡು ಚಪ್ಪಟೆಯಾಗಿ, ಮೇಲೇಳುವಾಗ ಉದ್ದವಾಗಬೇಕು. ಆದರೆ ಅದರ ಒಟ್ಟು ಗಾತ್ರ ಬದಲಾಗಬಾರದು. ಜಿಗಿಯುವವನು ಮೊದಲು ಮಂಡಿ ಬಗ್ಗಿಸಬೇಕು. ಇಲ್ಲದಿದ್ದರೆ ನೋಡುಗರಿಗೆ ಜಿಗಿತ ನಂಬಲಾಗದು. ಓಡುತ್ತಿದ್ದ ನಾಯಿ ನಿಂತ ಮೇಲೂ ಅದರ ಕಿವಿ, ಬಾಲಗಳು ಕ್ಷಣಕಾಲ ಓಲಾಡಬೇಕು. ಅರ್ಧ ತುಂಬಿದ ಹಿಟ್ಟಿನ ಚೀಲಕ್ಕೆ ಕಣ್ಣು, ಬಾಯಿ ಬಿಡಿಸದೆಯೇ ದುಃಖ, ಸಂತೋಷ, ಗರ್ವಗಳನ್ನು ತೋರಿಸುವುದು ಹೊಸಬರಿಗೆ ಪ್ರಸಿದ್ಧ ಪರೀಕ್ಷೆಯಾಗಿತ್ತು. ಬಣ್ಣ ತುಂಬುವ ಮೊದಲೇ ಪೆನ್ಸಿಲ್ ಕರಡನ್ನು ಚಿತ್ರೀಕರಿಸಿ ನೋಡುವ ಪದ್ಧತಿ ಬಂತು. ತಪ್ಪುಗಳು ಅಲ್ಲಿಯೇ ಬಯಲಾಗುತ್ತಿದ್ದವು, ತಿದ್ದಲ್ಪಡುತ್ತಿದ್ದವು.

1933ರ 'ಥ್ರೀ ಲಿಟ್ಲ್ ಪಿಗ್ಸ್' ಚಿತ್ರದಲ್ಲಿ ಒಂದೇ ಬಗೆಯ ಮೂರು ಹಂದಿಮರಿಗಳನ್ನು ಪ್ರೇಕ್ಷಕರು ಅವುಗಳ ನಡಿಗೆ, ಸ್ವಭಾವಗಳಿಂದಲೇ ಗುರುತಿಸಿದರು. ಮರುವರ್ಷದ 'ದಿ ಗಾಡೆಸ್ ಆಫ್ ಸ್ಪ್ರಿಂಗ್' ಮಾತ್ರ ಸೋತಿತು. ಅದರ ನಾಯಕಿಯ ಕೈಗಳು ರಬ್ಬರಿನಂತೆ ಬಳುಕಿದವು. ಡಿಸ್ನಿ ಆ ಸೋಲನ್ನೂ ಪಾಠವಾಗಿಸಿದರು. 1935ರಲ್ಲಿ ಗ್ರಹಾಂ ಅವರಿಗೆ ದೀರ್ಘ ಟಿಪ್ಪಣಿ ಬರೆದು, ಅನಿಮೇಟರ್ ಏನೇನು ಕಲಿಯಬೇಕೆಂಬುದನ್ನು ವಿವರಿಸಿದರು. 1937ರ ಡಿಸೆಂಬರ್ 21ರಂದು 'ಸ್ನೋ ವೈಟ್' ತೆರೆಕಂಡಾಗ, ನಾಯಕಿಯ ಸುತ್ತ ಅಳುವ ಕುಬ್ಜರನ್ನು ಕಂಡು ತುಂಬಿದ ಸಭಾಂಗಣ ಕಣ್ಣೀರಿಟ್ಟಿತು. ಅದು ಹಲವು ವರ್ಷಗಳ ವಿದ್ಯಾಭ್ಯಾಸದ ಫಲ.

ಆದರೆ ಗುರುಕುಲ ಕಟ್ಟಿದ ಡಿಸ್ನಿಗೆ ಅದನ್ನು ಒಟ್ಟಾಗಿ ಉಳಿಸಿಕೊಳ್ಳಲು ಆಗಲಿಲ್ಲ. ಸಂಬಳದ ತಾರತಮ್ಯ, ತೆರೆಯ ಮೇಲೆ ಹೆಸರು ಬಾರದಿರುವುದು ಕಲಾವಿದರನ್ನು ಕೆರಳಿಸಿತ್ತು. 1941ರ ಮೇ ತಿಂಗಳಲ್ಲಿ ಮುಷ್ಕರ ಆರಂಭವಾಯಿತು. ಅದರ ಮುಂಚೂಣಿಯಲ್ಲಿದ್ದವರು, ಒಂದು ಕಾಲಕ್ಕೆ ತಮ್ಮ ಮನೆಯಲ್ಲೇ ಚಿತ್ರಾಭ್ಯಾಸ ಆರಂಭಿಸಿದ್ದ ಆರ್ಟ್ ಬ್ಯಾಬಿಟ್. ಸಂಘಟನೆಯ ಕಾರಣಕ್ಕೆ ಡಿಸ್ನಿ ಅವರನ್ನು ಕೆಲಸದಿಂದ ತೆಗೆದಿದ್ದರು. ಮುಷ್ಕರಕ್ಕೆ ಸೇರಿದ್ದ ಪ್ರತಿಭಾವಂತ ಬಿಲ್ ಟೈಟ್ಲಾ 1943ರಲ್ಲಿ ಸ್ಟುಡಿಯೊ ತೊರೆದರು. ಡಿಸ್ನಿ ಇದನ್ನು ವೈಯಕ್ತಿಕ ದ್ರೋಹವೆಂದೇ ಭಾವಿಸಿದರು. 1947ರಲ್ಲಿ ಸಂಸದೀಯ ಸಮಿತಿಯ ಮುಂದೆ ಮುಷ್ಕರವನ್ನು ಕಮ್ಯುನಿಸ್ಟರ ಪಿತೂರಿಯೆಂದು ಹೇಳಿದ್ದು ಅವರ ಬದುಕಿನ ಅಳಿಸಲಾಗದ ಕಲೆ.

ಚದುರಿದವರೊಡನೆ ವಿದ್ಯೆಯೂ ಹರಡಿತು. ಡಿಸ್ನಿ ಸ್ಟುಡಿಯೊದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ತರಬೇತಿ ನೀಡಿದರು. ಮುಂದೆ ಭಾರತೀಯ ಅನಿಮೇಷನ್‌ನ ಹಿರಿಯರೆನಿಸಿದ ರಾಮ್ ಮೋಹನ್ ಆ ತಂಡದಲ್ಲಿ ಕಲಿತವರು.

ಡಿಸ್ನಿಯವರ ಮನಸ್ಸಿನಿಂದ ಶಾಲೆಯ ಕನಸು ಮಾಸಲಿಲ್ಲ. 1961ರಲ್ಲಿ ಅವರ ಪ್ರಯತ್ನದಿಂದ ಶೂನಾರ್ಡ್ ಶಾಲೆ ಸಂಗೀತ ವಿದ್ಯಾಲಯವೊಂದರ ಜೊತೆ ಸೇರಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್ ಆಯಿತು. ಅದು ಬೆಳೆದು ನಿಲ್ಲುವುದನ್ನು ನೋಡುವ ಮೊದಲೇ, 1966ರ ಡಿಸೆಂಬರ್ 15ರಂದು, ಶ್ವಾಸಕೋಶದ ಕ್ಯಾನ್ಸರ್‌ನಿಂದ ಡಿಸ್ನಿ ನಿಧನರಾದರು. ತಮ್ಮ ಆಸ್ತಿಯ ದೊಡ್ಡ ಪಾಲನ್ನು ಅವರು ಆ ಸಂಸ್ಥೆಗೆ ಬಿಟ್ಟಿದ್ದರು. 1975ರಲ್ಲಿ ಅಲ್ಲಿ ಪಾತ್ರ ಅನಿಮೇಷನ್‌ನ ಪ್ರತ್ಯೇಕ ಪಠ್ಯಕ್ರಮ ಆರಂಭವಾಯಿತು. ಮೊದಲ ವಿದ್ಯಾರ್ಥಿಗಳಲ್ಲಿದ್ದ ಜಾನ್ ಲ್ಯಾಸೆಟರ್ 1995ರಲ್ಲಿ 'ಟಾಯ್ ಸ್ಟೋರಿ'ಯನ್ನು ಸಂಪೂರ್ಣ ಕಂಪ್ಯೂಟರ್‌ನಲ್ಲೇ ನಿರ್ಮಿಸಿದರು. ಶಿಷ್ಯರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಆ ಹಳೆಯ ಪಾಠಗಳನ್ನು 12 ಸೂತ್ರಗಳಾಗಿ ಗ್ರಂಥಸ್ಥಗೊಳಿಸಿದರು.

ಪೆನ್ಸಿಲ್ ಹೋಗಿ ಕಂಪ್ಯೂಟರ್ ಬಂದರೂ ಹೊಸ ವಿದ್ಯಾರ್ಥಿ ಇಂದಿಗೂ ಪುಟಿಯುವ ಚೆಂಡಿನಿಂದಲೇ ಆರಂಭಿಸುತ್ತಾನೆ. ಗ್ರಂಥಾಲಯದ ಒಂದು ಪುಸ್ತಕದಿಂದ ಕಲಿಯಲು ಹೊರಟ ಯುವಕ, ತನಗೆ ಸಿಗದ ಶಾಲೆಯನ್ನು ಇತರರಿಗೆ ಕಟ್ಟಿಕೊಟ್ಟ.