ಹೆರಿಗೆ ಖರ್ಚು ಯಾರ ಮೇಲೆ? ಮುಂಬೈ ಸಭೆಯಲ್ಲಿ ಗೆದ್ದೂ ಸೋತೂ ನೋಡಿದ ಅಂಬೇಡ್ಕರ್

ಬೆಳಗಾವಿ: ರಾಮತೀರ್ಥ ನಗರದಿಂದ ಖಾನಾಪುರದ ಕಾಡಂಚಿನ ಹಳ್ಳಿವರೆಗೆ ಇವತ್ತು ಬಸುರಿ ಹೆಣ್ಣುಮಕ್ಕಳ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪುಕ್ಕಟೆ, ಮಕ್ಕಳು ಸಾಕು ಅಂದವರಿಗೆ ಆಪರೇಷನ್ ಕೂಡ ಪುಕ್ಕಟೆ. ಆದರೆ ಇದಕ್ಕೆಲ್ಲ ಸರ್ಕಾರ ಯಾಕೆ ದುಡ್ಡು ಹಾಕಬೇಕು ಅನ್ನೋ ಜಗಳ ನೂರು ವರ್ಷದ ಹತ್ತಿರದ್ದು. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಸಭೆಯಲ್ಲಿ ಈ ವಾದ ಹೂಡಿದವರು ಡಾ. ಬಿ.ಆರ್. ಅಂಬೇಡ್ಕರ್.

ಬಾಬಾಸಾಹೇಬರು 1891ರ ಏಪ್ರಿಲ್ 14ರಂದು ಮಹೂದಲ್ಲಿ ಹುಟ್ಟಿದರು. ತಂದೆ ರಾಮಜಿ, ತಾಯಿ ಭೀಮಾಬಾಯಿ. ಅವರು ಹದಿನಾಲ್ಕನೇ ಮಗು. ಅಷ್ಟು ಮಕ್ಕಳಲ್ಲಿ ಉಳಿದವರು ಕೆಲವರಷ್ಟೇ. ಅವರು ತೀರಾ ಚಿಕ್ಕವರಿದ್ದಾಗಲೇ ತಾಯಿಯೂ ತೀರಿಹೋದರು. ಮುಂದೆ ಅವರ ಸ್ವಂತ ಮನೆಯಲ್ಲೂ ಅದೇ ಕಥೆ. ಪತ್ನಿ ರಮಾಬಾಯಿಗೆ ಐದು ಮಕ್ಕಳಾದವು, ನಾಲ್ಕು ಹೋದವು, ಯಶವಂತ ಒಬ್ಬನೇ ಉಳಿದ. 1935ರಲ್ಲಿ ರಮಾಬಾಯಿಯೂ ಹೋದರು. ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರ್ ಮನೆಯ ಸ್ಥಿತಿಯೇ ಇದಾದರೆ ಕೂಲಿಯವರ ಮನೆಯದು ಕೇಳೋದೇ ಬೇಡ.

ನಮ್ಮ ಜಿಲ್ಲೆ ಅವರಿಗೆ ಹೊಸದಲ್ಲ. 1925ರಲ್ಲೇ ನಿಪ್ಪಾಣಿಯಲ್ಲಿ ಅಸ್ಪೃಶ್ಯರ ಪರಿಷತ್ತಿಗೆ ಬಂದಿದ್ದರು. ಎರಡು ವರ್ಷದ ಬಳಿಕ ಮುಂಬೈ ವಿಧಾನ ಪರಿಷತ್ತಿಗೆ ನಾಮಕರಣ ಸದಸ್ಯರಾದರು.

1928ರ ಜುಲೈನಲ್ಲಿ ಅಲ್ಲಿ ಹೆರಿಗೆ ಭತ್ಯೆ ಮಸೂದೆ ಚರ್ಚೆಗೆ ಬಂತು. ಗಿರಣಿ, ಕಾರ್ಖಾನೆಯಲ್ಲಿ ದುಡಿಯೋ ಹೆಣ್ಣುಮಕ್ಕಳಿಗೆ ಹೆರಿಗೆಗೆ ಮುಂಚೆ, ಆಮೇಲೆ ರಜೆ ಮತ್ತು ದುಡ್ಡು ಕೊಡಬೇಕು ಅನ್ನೋದು ಅದರ ತಿರುಳು. ದುಡ್ಡು ಕೊಡೋರು ಯಾರು? ಅಂಬೇಡ್ಕರ್ ವಾದ ಇಲ್ಲಿ ನೇರವಾಗಿತ್ತು. ಬಾಣಂತಿಗೆ ವಿಶ್ರಾಂತಿ ಸಿಕ್ಕರೆ ಲಾಭ ಇಡೀ ದೇಶಕ್ಕೆ, ಹಾಗಾಗಿ ಹೆಚ್ಚಿನ ಭಾರ ಸರ್ಕಾರವೇ ಹೊರಬೇಕು. ಹೆಣ್ಣಾಳನ್ನು ಇಟ್ಟುಕೊಂಡರೆ ಮಾಲೀಕನಿಗೂ ಲಾಭ ಇದೆ, ಅವನೂ ಒಂದು ಪಾಲು ಕೊಡಲಿ. 1929ರಲ್ಲಿ ಕಾಯ್ದೆ ಬಂತು, ಆದರೆ ಭಾರ ಬಿದ್ದದ್ದು ಮಾಲೀಕರ ಮೇಲೆ ಮಾತ್ರ. ಹೊಲದಲ್ಲಿ ಕೂಲಿ ಮಾಡೋರಿಗೆ, ಮನೆಗೆಲಸದವರಿಗೆ ಏನೂ ಸಿಗಲಿಲ್ಲ.

ಇದಕ್ಕಿಂತ ದೊಡ್ಡ ಜಗಳ ಸಂತಾನ ನಿಯಂತ್ರಣದ್ದು. ಪಕ್ಕದ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಕ್ಲಿನಿಕ್ ತೆರೆಯಲು ಮುಂದಾಗಿತ್ತು. ಮುಂಬೈ ಪ್ರಾಂತ್ಯದಲ್ಲಿ ಮಾತ್ರ ಅದರ ಹೆಸರೆತ್ತಿದರೂ ನಾಚಿಕೆಗೇಡು ಅನ್ನೋ ಕಾಲ. ಈ ವಿಷಯ ಬಹಿರಂಗವಾಗಿ ಬರೆಯುತ್ತಿದ್ದ ರಘುನಾಥ ಧೋಂಡೋ ಕರ್ವೆ ಅವರ ಪತ್ರಿಕೆ ಮೇಲೆ ಅಶ್ಲೀಲತೆ ಕೇಸು ಬಿದ್ದಾಗ ಅವರ ಪರ ನಿಂತ ವಕೀಲರು ಅಂಬೇಡ್ಕರ್. ಕೇಸು ಸೋತರು.

1937ರ ಚುನಾವಣೆಯಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷ ಗೆದ್ದ ಸೀಟುಗಳಲ್ಲಿ ಬೆಳಗಾವಿ ಉತ್ತರವೂ ಒಂದು, ಅಲ್ಲಿಂದ ಬಂದವರು ಬಳವಂತರಾವ್ ವರಾಳೆ. ಮರುವರ್ಷ, 1938ರ ನವೆಂಬರ್ 10ರಂದು, ಅದೇ ಪಕ್ಷದ ಪಿ.ಜೆ. ರೋಹಮ್ ಸಭೆಯಲ್ಲಿ ಒಂದು ಠರಾವು ಮಂಡಿಸಿದರು. ಸಂತಾನ ನಿಯಂತ್ರಣದ ಬಗ್ಗೆ ಸರ್ಕಾರ ಜೋರಾಗಿ ಪ್ರಚಾರ ಮಾಡಬೇಕು, ಜನರಿಗೆ ಬೇಕಾದ ಅನುಕೂಲ ಒದಗಿಸಬೇಕು ಅಂತ. ಭಾಷಣ ಸಿದ್ಧ ಮಾಡಿದ್ದು ಅಂಬೇಡ್ಕರ್, ಅವತ್ತು ಅವರು ಸಭೆಗೆ ಬರಲಾಗಲಿಲ್ಲ. ಮೇಲಿಂದ ಮೇಲೆ ಹೆತ್ತು ಹೆಂಗಸರು ಸೊರಗಿ ಸಾಯೋದು, ಬಡವರ ಮನೆಯಲ್ಲಿ ತುತ್ತಿಗೂ ತತ್ವಾರ ಆಗೋದು ಆ ಭಾಷಣದಲ್ಲಿತ್ತು. ಆ ದಿನಗಳಲ್ಲಿ ಗಾಂಧೀಜಿಯವರ ನಿಲುವು ಬೇರೆ, ಸಾಧನ ಬೇಡ, ಸಂಯಮ ಸಾಕು ಅನ್ನೋದು. ಸಭೆಯಲ್ಲಿ ಅತಿ ದೊಡ್ಡ ಪಕ್ಷ ಕಾಂಗ್ರೆಸ್ಸು. ಠರಾವಿನ ಪರ 11 ಮತ, ವಿರುದ್ಧ 52.

ಹಾಗಂತ ಅವರ ದಾರಿಯಲ್ಲಿ ತೊಡಕೇ ಇರಲಿಲ್ಲ ಅಂತಲ್ಲ. 1942ರಲ್ಲಿ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ಸಿಕ್ಕಿತು. ಗಣಿ ಕಾರ್ಮಿಕ ಹೆಂಗಸರ ಹೆರಿಗೆ ಭತ್ಯೆ ಕಾಯ್ದೆಗೆ ತಿದ್ದುಪಡಿ ತಂದವರು ಅವರೇ. ಯುದ್ಧಕ್ಕೆ ಕಲ್ಲಿದ್ದಲು ಬೇಕು ಅಂತ ಹೆಂಗಸರನ್ನು ಗಣಿಯೊಳಗೆ ಇಳಿಸಿದಾಗ ಸರ್ಕಾರದ ಪರ ಮಾತಾಡಿದವರೂ ಅವರೇ. ಇದಕ್ಕೆ ಸಾಕಷ್ಟು ಟೀಕೆ ಬಂತು. ಆ ನಿಷೇಧ ಮತ್ತೆ ಜಾರಿಗೆ ಬಂದದ್ದು 1946ರಲ್ಲಿ.

ಸಂವಿಧಾನದ 42ನೇ ವಿಧಿಯಲ್ಲಿ ಹೆರಿಗೆ ನೆರವು ಸರ್ಕಾರದ ಹೊಣೆಗಳಲ್ಲಿ ಸೇರಿತು. 1951ರಲ್ಲಿ ಅವರ ಪರಿಶಿಷ್ಟ ಜಾತಿ ಫೆಡರೇಷನ್ನಿನ ಚುನಾವಣಾ ಪ್ರಣಾಳಿಕೆಯಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ಮತ್ತೆ ಬಂತು. ಆ ಚುನಾವಣೆಯಲ್ಲಿ ಅಂಬೇಡ್ಕರ್ ಮುಂಬೈಯಲ್ಲಿ ಸೋತರು. ಅವರನ್ನು ಸೋಲಿಸಿದ ಪಕ್ಷದ ಸರ್ಕಾರವೇ 1952ರಲ್ಲಿ ಕುಟುಂಬ ಯೋಜನೆಗೆ ಖಜಾನೆಯಿಂದ ದುಡ್ಡು ತೆಗೆದಿಟ್ಟಿತು. ದೇಶಕ್ಕೆಲ್ಲ ಒಂದೇ ಹೆರಿಗೆ ಭತ್ಯೆ ಕಾಯ್ದೆ ಬಂದಿದ್ದು 1961ರಲ್ಲಿ. ಅಷ್ಟರಲ್ಲಿ ಬಾಬಾಸಾಹೇಬರು ತೀರಿಕೊಂಡು ಐದು ವರ್ಷವಾಗಿತ್ತು.