ನೂರಕ್ಕೆ ಮೂರೇ ಜನ ನಿರುದ್ಯೋಗಿಗಳೇ? ವಿ.ಕೆ.ಆರ್.ವಿ. ರಾವ್ ಕಂಡಿದ್ದ ಲೆಕ್ಕದ ಮರೆ

ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. ದೇಶದಲ್ಲಿ ನೂರಕ್ಕೆ ಮೂರು ಜನರಿಗಷ್ಟೇ ಕೆಲಸವಿಲ್ಲ ಎನ್ನುತ್ತದೆ ಒಂದು. ನೂರಕ್ಕೆ ನಲವತ್ತು ಜನ ನಿರುದ್ಯೋಗಿಗಳು, ಅದನ್ನು ಮುಚ್ಚಿಡಲಾಗಿದೆ ಎನ್ನುತ್ತದೆ ಇನ್ನೊಂದು. ತಮಾಷೆಯೆಂದರೆ ಎರಡೂ ಅಂಕಿಗಳು ಒಂದೇ ಸರ್ಕಾರಿ ಸಮೀಕ್ಷೆಯಲ್ಲಿ ಸಿಗುತ್ತವೆ. ಎರಡು ಸಂದೇಶಗಳೂ ತಪ್ಪು.

2023-24ರ ಕಾರ್ಮಿಕ ಸಮೀಕ್ಷೆಯನ್ನೇ (ಪಿಎಲ್‌ಎಫ್‌ಎಸ್) ನೋಡಿ. 15 ವರ್ಷ ದಾಟಿದ 100 ಜನರಲ್ಲಿ ಸುಮಾರು 60 ಜನ ಕೆಲಸದಲ್ಲಿದ್ದಾರೆ ಅಥವಾ ಕೆಲಸಕ್ಕೆ ಸಿದ್ಧರಿದ್ದಾರೆ. ಕಾರ್ಮಿಕ ಬಲ ಎಂದರೆ ಇವರು. ಈ 60ರಲ್ಲಿ 58 ಜನರಿಗೆ ಕೆಲಸ ಇದೆ, ಉಳಿದ ಇಬ್ಬರಿಗೆ ಇಲ್ಲ. 60ಕ್ಕೆ ಹೆಚ್ಚುಕಡಿಮೆ ಇಬ್ಬರು, ನಿಖರ ಲೆಕ್ಕದಲ್ಲಿ ಶೇ 3.2. ಅದೇ ನಿರುದ್ಯೋಗ ದರ. ಭಾಗಿಸುವುದು 60ರಿಂದ, 100ರಿಂದಲ್ಲ. ಹೊರಗುಳಿದ 40 ಜನರಲ್ಲಿ ವಿದ್ಯಾರ್ಥಿಗಳು, ವೃದ್ಧರು, ಮನೆವಾರ್ತೆ ನೋಡುವ ಹೆಂಗಸರು ಸೇರುತ್ತಾರೆ. ಅವರನ್ನು ನಿರುದ್ಯೋಗಿಗಳೆಂದು ಕರೆಯುವುದು ಸರಿಯಲ್ಲ.

ಹಾಗಾದರೆ ಶೇ 3.2 ಎನ್ನುವುದು ನೆಮ್ಮದಿಯ ಸುದ್ದಿಯೇ? ಈ ಪ್ರಶ್ನೆಯ ಬೇರನ್ನು ಬಹಳ ಹಿಂದೆಯೇ ಹಿಡಿದವರು ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್. ಜನ ಅವರನ್ನು ಕರೆದದ್ದು ವಿ.ಕೆ.ಆರ್.ವಿ. ರಾವ್ ಎಂದು.

ರಾವ್ ಹುಟ್ಟಿದ್ದು 1908ರ ಜುಲೈ 8ರಂದು, ಕಾಂಚೀಪುರದಲ್ಲಿ. ಮುಂಬೈಯಲ್ಲಿ ಓದಿ, ಕೇನ್ಸ್ ಅವರ ಹೊಸ ಅರ್ಥಶಾಸ್ತ್ರ ರೂಪುಗೊಳ್ಳುತ್ತಿದ್ದ ದಿನಗಳಲ್ಲೇ ಕೇಂಬ್ರಿಜ್ ಸೇರಿದರು. ಅಲ್ಲಿ ಡಾಕ್ಟರೇಟ್‌ಗೆ ಆರಿಸಿಕೊಂಡ ವಿಷಯ ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯ. 1931-32ರಲ್ಲಿ ಒಬ್ಬ ಭಾರತೀಯನ ಸರಾಸರಿ ವಾರ್ಷಿಕ ಆದಾಯ 62 ರೂಪಾಯಿ ಎಂದು ಲೆಕ್ಕ ಕಟ್ಟಿದರು. ಬೆಳೆಯನ್ನೇನೋ ಅಳೆಯಬಹುದು. ಕ್ಷೌರಿಕ, ಅಂಗಡಿಯವ, ಮನೆಗೆಲಸದವರ ಗಳಿಕೆಯನ್ನು ಅಳೆಯುವುದು ಹೇಗೆ? ಮೊದಲು ಅಂಥವರು ಎಷ್ಟು ಜನ ಎಂದು ತಿಳಿಯಬೇಕು. ಅದಕ್ಕೆ ಇದ್ದ ಆಸರೆ 1931ರ ಜನಗಣತಿ. ಆ ಗಣತಿ ಜನರನ್ನು ಗಳಿಸುವವರು, ದುಡಿಯುವ ಅವಲಂಬಿತರು, ದುಡಿಯದ ಅವಲಂಬಿತರು ಎಂದು ವಿಂಗಡಿಸಿತ್ತು. ದುಡಿಯುತ್ತಾರೆ, ಆದರೂ ಅವಲಂಬಿತರು! ಗಂಡನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವ ಹೆಂಗಸನ್ನು ಯಾವ ಕಾಲಂಗೆ ಹಾಕುವುದು ಎಂಬ ಗೊಂದಲ ಅಷ್ಟು ಹಳೆಯದು.

1949ರಲ್ಲಿ ಸ್ವತಂತ್ರ ಭಾರತ ರಾಷ್ಟ್ರೀಯ ಆದಾಯ ಸಮಿತಿ ರಚಿಸಿತು. ಮಹಲನೋಬಿಸ್ ಅಧ್ಯಕ್ಷರು, ಗಾಡ್ಗೀಳ್ ಮತ್ತು ರಾವ್ ಸದಸ್ಯರು. ಆಗ ಎದ್ದುಕಂಡ ಅಂಕಿ-ಅಂಶಗಳ ಕೊರತೆ ನೀಗಲು 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಇಂದಿನ ಕಾರ್ಮಿಕ ಸಮೀಕ್ಷೆ ಅದೇ ಪರಂಪರೆಯದು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನು ರಾವ್ ಕಟ್ಟಿದ್ದೂ 1949ರಲ್ಲೇ.

1952ರಲ್ಲಿ ಅವರು ಬರೆದ ಲೇಖನವೊಂದು ಕೇನ್ಸ್ ಸೂತ್ರವನ್ನೇ ಪ್ರಶ್ನಿಸಿತು. ಸರ್ಕಾರ ಹಣ ಖರ್ಚು ಮಾಡಿದರೆ ನಿರುದ್ಯೋಗಿಗಳಿಗೆ ಕೆಲಸ ಸಿಗುತ್ತದೆ, ಉತ್ಪಾದನೆ ಹೆಚ್ಚುತ್ತದೆ ಎನ್ನುವುದು ಆ ಸೂತ್ರ. ಗೇಟು ಮುಚ್ಚಿದ ಕಾರ್ಖಾನೆ, ಹೊರಗೆ ಕೆಲಸ ಕೇಳುತ್ತ ನಿಂತ ಕಾರ್ಮಿಕ ಇರುವ ದೇಶಕ್ಕೆ ಅದು ಸರಿ. ನಮ್ಮಲ್ಲಿ ಬಹುಪಾಲು ಜನ ಕೂಲಿಗಾಗಿ ಸಾಲಿನಲ್ಲಿ ನಿಂತಿಲ್ಲ, ಮನೆಯ ಜಮೀನಿನಲ್ಲೇ ಇದ್ದಾರೆ. ಇಬ್ಬರು ಸಾಕಾಗುವ ಗದ್ದೆಯಲ್ಲಿ ನಾಲ್ವರು ಅಣ್ಣತಮ್ಮಂದಿರು ದುಡಿದರೆ ನಾಲ್ವರೂ ಉದ್ಯೋಗಿಗಳೇ. ಇದು ಮರೆಮಾಚಿದ ನಿರುದ್ಯೋಗ. ಇಂಥಲ್ಲಿ ಬರೀ ಹಣ ಸುರಿದರೆ ಉತ್ಪಾದನೆಗಿಂತ ಬೆಲೆಯೇ ಏರುತ್ತದೆ ಎಂಬುದು ರಾವ್ ವಾದ. ಗುರುಗಳ ಮನೆಯ ಮದ್ದು ನಮ್ಮ ರೋಗಕ್ಕೆ ನಾಟದು ಎಂದು ಹೇಳಲು ಆಗಿನ ಕಾಲಕ್ಕೆ ಧೈರ್ಯ ಬೇಕಿತ್ತು.

ಗೋಣಿಕೊಪ್ಪಲಿನ ಸುತ್ತಿನ ರೊಬಸ್ಟಾ ತೋಟಗಳಲ್ಲಿ ಇದನ್ನು ಇವತ್ತಿಗೂ ಕಾಣಬಹುದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲು, ಆಳು ಸಿಗದ ಕಾಲ. ಜುಲೈ ಮಳೆಯಲ್ಲಿ ಕೆಲಸ ಕಡಿಮೆ. ನಾಲ್ಕು ತಿಂಗಳು ಕಾಫಿ ಕೊಯ್ದು ಉಳಿದ ತಿಂಗಳು ಕೆಲಸ ಸಿಗದೆ ಕೂತ ಹೆಂಗಸನ್ನು ಊಹಿಸಿಕೊಳ್ಳಿ. ಶೇ 3.2 ಬಂದಿರುವುದು ಇಡೀ ವರ್ಷವನ್ನು ನೋಡುವ ಅಳತೆಯಿಂದ. ಅದರಲ್ಲಿ 30 ದಿನ ದುಡಿದಿದ್ದರೂ ಸಾಕು, ಆಕೆ ಉದ್ಯೋಗಿ. ಜುಲೈಯಲ್ಲಿ ಬಂದು ಹಿಂದಿನ ಏಳು ದಿನದ ಲೆಕ್ಕ ಕೇಳಿದರೆ ಉತ್ತರ ಬೇರೆ. ಕೆಲಸ ಹುಡುಕಿದ್ದರೆ ನಿರುದ್ಯೋಗಿ. ಮಳೆಗಾಲದಲ್ಲಿ ಯಾರು ಕರೆಯುತ್ತಾರೆ ಎಂದು ಕೈಚೆಲ್ಲಿ, ಕೆಲಸಕ್ಕೆ ಸಿದ್ಧಳೂ ಅಲ್ಲ ಎಂದಿದ್ದರೆ ಕಾರ್ಮಿಕ ಬಲದಿಂದಲೇ ಹೊರಗೆ. ವಾರದಲ್ಲಿ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಮತ್ತೆ ಉದ್ಯೋಗಿ. 2023-24ರಲ್ಲೇ ವಾರದ ಅಳತೆ ತೋರಿಸಿದ ನಿರುದ್ಯೋಗ ದರ ಶೇ 4.9. 2025ರಿಂದ ಪ್ರತಿ ತಿಂಗಳು ಪ್ರಕಟವಾಗುತ್ತಿರುವುದು ಈ ವಾರದ ಅಳತೆ. ಅದನ್ನು ಹಳೆಯ 3.2ರ ಪಕ್ಕದಲ್ಲಿಟ್ಟು ನಿರುದ್ಯೋಗ ಏಕಾಏಕಿ ಜಿಗಿಯಿತು ಎನ್ನುವ ಪೋಸ್ಟರ್ ಬಂದರೆ ನಂಬಬೇಡಿ.

ಮಹಿಳೆಯರ ಅಂಕಿಯಲ್ಲೂ ಎಚ್ಚರ ಬೇಕು. ಕಾರ್ಮಿಕ ಬಲದಲ್ಲಿ ಅವರ ಪಾಲ್ಗೊಳ್ಳುವಿಕೆ 2017-18ರಲ್ಲಿ ಶೇ 23.3 ಇದ್ದದ್ದು 2023-24ಕ್ಕೆ ಶೇ 41.7 ಆಯಿತು. ಆದರೆ ದುಡಿಯುವ ಮಹಿಳೆಯರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವರು ಮನೆಯ ಜಮೀನು, ಅಂಗಡಿಗಳಲ್ಲಿ ಸಂಬಳವಿಲ್ಲದೆ ನೆರವಾಗುವವರು. 1931ರ ದುಡಿಯುವ ಅವಲಂಬಿತೆ ಈಗ ಉದ್ಯೋಗಿಯಾಗಿದ್ದಾಳೆ, ಕೈಗೆ ಕಾಸು ಬಂದಿದೆಯೋ ಎಂಬುದನ್ನು ಈ ದರ ಹೇಳುವುದಿಲ್ಲ.

ರಾವ್ 1963ರಿಂದ 66ರವರೆಗೆ ಯೋಜನಾ ಆಯೋಗದಲ್ಲಿದ್ದರು. 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಕೇಂದ್ರ ಸಚಿವರಾದರು. ಶಿಕ್ಷಣ ಸಚಿವರಾಗಿ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟರು. ಕಾಲೇಜು ಹುಡುಗರಿಗೆ ಎನ್‌ಎಸ್‌ಎಸ್ ಎಂದರೆ ಶಿಬಿರ, ಲೆಕ್ಕ ಹಾಕುವವರಿಗೆ ಎನ್‌ಎಸ್‌ಎಸ್ ಎಂದರೆ ಮಾದರಿ ಸಮೀಕ್ಷೆ. ಎರಡರ ಕಥೆಯಲ್ಲೂ ಈ ಒಬ್ಬರ ಹೆಸರಿದೆ. 1971ರಲ್ಲಿ ಬಳ್ಳಾರಿ ಮತ್ತೆ ಅವರನ್ನು ಆರಿಸಿತು. ಮರುವರ್ಷ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಸ್ಥಾಪಿಸಿದರು. ನಾಗರಭಾವಿಯಲ್ಲಿ ಐಸೆಕ್ ಎಂಬ ಹೆಸರಿನ ಆ ಸಂಸ್ಥೆ ಇಂದಿಗೂ ಇದೆ. 1974ರಲ್ಲಿ ಪದ್ಮವಿಭೂಷಣ ಬಂತು. 1991ರ ಜುಲೈ 25ರಂದು ಅವರು ತೀರಿಕೊಂಡರು. ಉದಾರೀಕರಣದ ಬಜೆಟ್ ಮಂಡನೆಯಾಗಿದ್ದು ಅದರ ಹಿಂದಿನ ದಿನ.