ಮನದ ನೋವಿಗೆ ಕನ್ನಡದ ಮಾತು ಕೊಟ್ಟ ವೈದ್ಯ ‘ರಾಶಿ’

ಕನ್ನಡಿಗರನ್ನು ಕಾಲು ಶತಮಾನ ನಗಿಸಿದ ಡಾ. ಎಂ. ಶಿವರಾಂ ಅವರನ್ನು ನಾಡು ನೆನೆಯುವುದು ‘ಕೊರವಂಜಿ’ಯ ‘ರಾಶಿ’ ಎಂದೇ. ಆದರೆ ಕೇಂದ್ರ ಸಾಹಿತ್ಯ ಅಕಾಡೆಮಿ 1976ರಲ್ಲಿ ಅವರನ್ನು ಗೌರವಿಸಿದ್ದು ಹಾಸ್ಯ ಕೃತಿಗಾಗಿ ಅಲ್ಲ; ಮನಸ್ಸಿನ ಅಧ್ಯಯನಕ್ಕೆ ಮೀಸಲಾದ ‘ಮನಮಂಥನ’ಕ್ಕಾಗಿ. ನಗೆಯ ಹಿಂದಿದ್ದ ಈ ವೈದ್ಯನನ್ನು ನೆನೆದವರು ಕಡಿಮೆ.

ಶಿವರಾಂ ಹುಟ್ಟಿದ್ದು 1905ರಲ್ಲಿ. ವೈದ್ಯರಾಗಿ ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ಚಿಕಿತ್ಸಾಲಯ ನಡೆಸಿದರು. ಎರಡನೆಯ ಮಹಾಯುದ್ಧದ ಬಿಸಿ ಜನಜೀವನವನ್ನು ತಟ್ಟಿದ್ದ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರು ಅದರಲ್ಲಿ ಬರೆದರು. ಮುಂದೆ ದೇಶಪ್ರಸಿದ್ಧರಾದ ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲೇ ಅದಕ್ಕೆ ವ್ಯಂಗ್ಯಚಿತ್ರ ಬರೆದರು. 1967ರಲ್ಲಿ ಪತ್ರಿಕೆ ನಿಂತಿತು. ಕಣಿ ಹೇಳುವ ಹೆಣ್ಣಿನ ಹೆಸರನ್ನು ವೈದ್ಯರೊಬ್ಬರು ತಮ್ಮ ಪತ್ರಿಕೆಗೆ ಇಟ್ಟದ್ದೇ ಒಂದು ವಿನೋದ.

ಆ ಕಾಲದಲ್ಲಿ ಮನಸ್ಸು ಕೆಟ್ಟವರನ್ನು ಮೊದಲು ಕರೆದೊಯ್ಯುತ್ತಿದ್ದುದು ಕಣಿ ಹೇಳುವವರ ಬಳಿಗೇ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಜನರ ಬಾಯಲ್ಲಿ ಬರೀ ‘ಹುಚ್ಚಾಸ್ಪತ್ರೆ’ಯಾಗಿತ್ತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ತಲೆಯೆತ್ತಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಸಂಸ್ಥೆ ಬೆಳೆದರೂ ಅಲ್ಲಿನ ಶಾಸ್ತ್ರದ ಭಾಷೆ ಇಂಗ್ಲಿಷ್ ಆಗಿತ್ತು. ಮನೋವಿಜ್ಞಾನವನ್ನು ಸಾಮಾನ್ಯ ಓದುಗನ ಕನ್ನಡಕ್ಕೆ ತಂದ ಮೊದಲಿಗರ ಸಾಲಿನಲ್ಲಿ ಶಿವರಾಂ ನಿಲ್ಲುತ್ತಾರೆ. ದೇಹದಂತೆ ಮನಸ್ಸೂ ಅರಿತುಕೊಳ್ಳಬಹುದಾದ ವಸ್ತು ಎಂಬುದನ್ನು ಅವರ ಬರವಣಿಗೆ ಮನೆಮನೆಗೆ ತಲುಪಿಸಿತು.

ಇದರ ಬೆಲೆ ತಿಳಿಯಬೇಕಾದರೆ ರಾಜಧಾನಿಯಿಂದ ದೂರ ಸರಿದು ನೋಡಬೇಕು. ಗುಂಡ್ಲುಪೇಟೆಯಿಂದ ಬಂಡೀಪುರದತ್ತ ಹೊರಟರೆ ಸಿಗುವ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ಕವಲೊಡೆಯುವ ಹಂಗಳದಂಥ ಊರಿನಲ್ಲಿ, ಹದಿಹರೆಯದ ವಿದ್ಯಾರ್ಥಿಯೊಬ್ಬ ವಾರಗಟ್ಟಲೆ ಮಂಕಾಗಿ, ನಿದ್ದೆ, ಊಟ, ಆಟ ಎಲ್ಲವನ್ನೂ ಬಿಟ್ಟರೆ ಅದನ್ನು ಸೋಮಾರಿತನವೆಂದೋ ದೃಷ್ಟಿ ತಾಗಿದ್ದೆಂದೋ ಹೇಳುವವರೇ ಹೆಚ್ಚು. ಖಿನ್ನತೆ ಎಂಬ ಮಾತು ಮನೆಯೊಳಗೆ ಇಲ್ಲದಿದ್ದರೆ ನೋವು ಹೇಳಿಕೊಳ್ಳುವ ಬಾಗಿಲೂ ಇರುವುದಿಲ್ಲ. ಮಾನಸಿಕ ಕಾಯಿಲೆಗಳಲ್ಲಿ ಹಲವು ಎಳೆಯ ವಯಸ್ಸಿನಲ್ಲೇ ತಲೆದೋರುತ್ತವೆ. 2021ರ ಅಂಕಿಅಂಶದಂತೆ, 15ರಿಂದ 29 ವರ್ಷ ವಯಸ್ಸಿನವರ ಸಾವಿಗೆ ಜಗತ್ತಿನಲ್ಲಿ ಮೂರನೆಯ ದೊಡ್ಡ ಕಾರಣ ಆತ್ಮಹತ್ಯೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಆ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಅಂಜಿಕೆ ಸಲ್ಲದು. ಕೇಳಿದರೆ ಎದೆಯ ಭಾರ ಇಳಿಯುತ್ತದೆ ಎಂಬುದು ತಜ್ಞರ ಅನುಭವ. ಖಿನ್ನತೆಗೆ ಆಪ್ತ ಸಮಾಲೋಚನೆ, ಔಷಧ ಎರಡೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ, ಆರೈಕೆ ನೀಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿಯ ಹಿಂದಿರುವುದೂ ನಿಮ್ಹಾನ್ಸ್. 14416ಕ್ಕೆ ಕರೆ ಮಾಡಿ ಹಗಲಿರುಳೆನ್ನದೆ ಕನ್ನಡದಲ್ಲೇ ಮಾತನಾಡಬಹುದು.

1984ರಲ್ಲಿ ಶಿವರಾಂ ನಿಧನರಾದರು. ಅದಕ್ಕೂ ಒಂದು ವರ್ಷ ಮೊದಲು ಹುಟ್ಟಿದ ‘ಅಪರಂಜಿ’ ಅವರ ನಗೆಯ ಪರಂಪರೆಯನ್ನು ಮುಂದುವರಿಸಿತು. ಮನಸ್ಸಿನ ಕುರಿತ ಅವರ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಮಕ್ಕಳ ಮೌನವನ್ನು ಗಮನಿಸಿ, ಬೈಯದೆ, ಪಕ್ಕದಲ್ಲಿ ಕುಳಿತು, ಏನಾಯಿತೆಂದು ಕೇಳುವ ತಂದೆತಾಯಿ ಮತ್ತು ಶಿಕ್ಷಕರು ಅದನ್ನು ಮುಂದಕ್ಕೆ ಒಯ್ಯುತ್ತಾರೆ.